70 ಸಾವಿರದ ಹ್ಯಾಂಡ್‌ಹೆಲ್ಡ್, ಮನೆಯಲ್ಲಿರೋ ಹಳೇ ಲ್ಯಾಪ್‌ಟಾಪ್

ಬೆಂಗಳೂರು, ಹೈದರಾಬಾದ್‌ಗೆ ಕೆಲಸಕ್ಕೆ ಹೋಗಿರೋ ನಮ್ಮ ಸೇಡಂ, ಚಿತ್ತಾಪುರ ಕಡೆಯ ಹುಡುಗರಿಂದ ಈಚೆಗೆ ನನಗೆ ಬರ್ತಿರೋದು ಒಂದೇ ಪ್ರಶ್ನೆ. "ಅಣ್ಣಾ, ಕೈಯಾಗ ಹಿಡಕೊಂಡು ಆಡೋ ಪಿಸಿ ತಗೋಬೇಕಂತ ಮಾಡೀನಿ. ವಿಂಡೋಸ್ ಇರೋದು ಛಲೋನೋ, ಸ್ಟೀಮ್ ಇರೋದು ಛಲೋನೋ?"

ಯೂಟ್ಯೂಬ್‌ನಲ್ಲಿ ಇದಕ್ಕೆ ನೂರು ಉತ್ತರ ಸಿಗ್ತವೆ. ಆದರೆ ಆ ವಿಡಿಯೋಗಳಲ್ಲಿ ಎಸಿ ರೂಮು, ಫೈಬರ್ ನೆಟ್ಟು, ಕರೆಂಟು ಎಲ್ಲ ಇರುತ್ತೆ. ಮೇ ತಿಂಗಳ ವಾಡಿ ಇರಲ್ಲ. ಹಾಗಾಗಿ ಈ ಸಲ ನಮ್ಮೂರ ಲೆಕ್ಕದಲ್ಲೇ ನೋಡೋಣ.

ಮೊದಲು ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ ಅಂದ್ರೆ ಎರಡೂ ಕಡೆ ಬಟನ್ನು, ನಡುವೆ ಏಳೆಂಟು ಇಂಚಿನ ಪರದೆ ಇರೋ ಪೂರ್ತಿ ಕಂಪ್ಯೂಟರ್. ಮೊಬೈಲ್ ಆಟ ಅಲ್ಲ, ಪಿಸಿ ಆಟನೇ ಆಡಬಹುದು. ವಾಲ್ವ್ ಕಂಪನಿ 2022ರ ಫೆಬ್ರುವರಿಯಲ್ಲಿ ಸ್ಟೀಮ್ ಡೆಕ್ ಬಿಟ್ಟಿತು. ಅದರೊಳಗೆ ವಿಂಡೋಸ್ ಇಲ್ಲ. ಲಿನಕ್ಸ್ ಮೇಲೆ ಕಟ್ಟಿದ ಸ್ಟೀಮ್‌ಓಎಸ್ ಇದೆ. ಮರುವರ್ಷ ಏಸಸ್‌ನ ಆರ್‌ಒಜಿ ಆಲೈ ವಿಂಡೋಸ್ 11 ಜೊತೆ ಬಂತು. ಭಾರತದಲ್ಲಿ ಆಗ ಅದರ ಬೆಲೆ 69,990 ರೂಪಾಯಿ. 2025ರಲ್ಲಿ ಲೆನೊವೊ ತನ್ನ ಲೀಜಿಯನ್ ಗೋ ಎಸ್ ಅನ್ನು ಎರಡು ರೂಪದಲ್ಲಿ ಮಾರೋಕೆ ಶುರು ಮಾಡಿತು: ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಸ್ಟೀಮ್‌ಓಎಸ್. ಜಗಳ ನಿಜವಾಗಿ ಶುರುವಾಗಿದ್ದು ಆಗಲೇ. ಆ ವರ್ಷ ಜೂನ್‌ನಲ್ಲಿ ಆರ್ಸ್ ಟೆಕ್ನಿಕಾದವರು ಒಂದೇ ಮಷಿನ್ ಮೇಲೆ ಎರಡೂ ಓಎಸ್ ಹಾಕಿ ಐದು ಆಟ ಓಡಿಸಿ ನೋಡಿದರು. ನಾಲ್ಕರಲ್ಲಿ ಸ್ಟೀಮ್‌ಓಎಸ್ ಮುಂದಿತ್ತು.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಆ ಆಟಗಳೆಲ್ಲ ವಿಂಡೋಸ್‌ಗೆ ಅಂತ ಬರೆದವು. ಲಿನಕ್ಸ್ ಮೇಲೆ ಅವು ಓಡೋದು ಹೇಗೆ?

ಇದನ್ನ ವಾಡಿ ಜಂಕ್ಷನ್ ನೋಡಿದವರಿಗೆ ಹೇಳೋದು ಸುಲಭ. 1874ರಲ್ಲಿ ನಿಜಾಮರ ಸಂಸ್ಥಾನದ ರೈಲು ಮಾರ್ಗ ಸಿಕಂದರಾಬಾದ್‌ನಿಂದ ಸೇಡಂ, ಚಿತ್ತಾಪುರ ದಾಟಿ ವಾಡಿಗೆ ಬಂದು ಮುಂಬೈ ಮಾರ್ಗಕ್ಕೆ ಕೂಡಿತು. ಎರಡೂ ಬ್ರಾಡ್ ಗೇಜ್, ಹಾಗಾಗಿ ಬೋಗಿಗಳು ಈ ಹಳಿಯಿಂದ ಆ ಹಳಿಗೆ ಸೀದಾ ಹೋಗಬಹುದಿತ್ತು. ಅದೇ ಸಂಸ್ಥಾನದ ಇನ್ನೊಂದು ಮಾರ್ಗ ಮುಂದೆ ಮನ್ಮಾಡ್‌ಗೆ ಹೋಯಿತು. ಅದು ಮೀಟರ್ ಗೇಜ್. ಅಲ್ಲಿ ಸರಕನ್ನೆಲ್ಲ ಇಳಿಸಿ ಬೇರೆ ಗಾಡಿಗೆ ಏರಿಸಬೇಕಾಗ್ತಿತ್ತು. ವಿಂಡೋಸ್ ಆಟಕ್ಕೂ ಲಿನಕ್ಸ್‌ಗೂ ನಡುವೆ ಇದ್ದದ್ದು ಮನ್ಮಾಡ್ ಸಮಸ್ಯೆ. ವಾಲ್ವ್ 2018ರ ಆಗಸ್ಟ್‌ನಲ್ಲಿ ಬಿಟ್ಟ ಪ್ರೋಟಾನ್ ಅನ್ನೋ ತಂತ್ರಾಂಶ ಆ ಏರಿಸಿ ಇಳಿಸೋ ಕೆಲಸನ ಆಡೋನಿಗೆ ಗೊತ್ತಾಗದ ಹಾಗೆ ಮಾಡುತ್ತೆ. ಆಟ ವಿಂಡೋಸ್‌ಗೆ ಕೊಡೋ ಪ್ರತಿ ಆಜ್ಞೆಯನ್ನೂ ಲಿನಕ್ಸ್‌ಗೆ ಅರ್ಥವಾಗೋ ಆಜ್ಞೆಯಾಗಿ ಅಲ್ಲಲ್ಲೇ ಬದಲಿಸುತ್ತೆ. ಇದು ರಾತ್ರೋರಾತ್ರಿ ಆದದ್ದಲ್ಲ. ಇದಕ್ಕೆ ಬುನಾದಿಯಾದ ವೈನ್ ತಂತ್ರಾಂಶದ ಕೆಲಸ 1993ರಲ್ಲೇ ಶುರುವಾಗಿತ್ತು.

ಈ ಸೇತುವೆ ಇಲ್ಲದಿದ್ದಾಗ ಏನಾಗುತ್ತೆ ಅನ್ನೋದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳ ಜೊತೆ ಸೇರಿ ಸಿಂಪ್ಯೂಟರ್ ಅನ್ನೋ ಕೈಗಣಕ ರೂಪಿಸಿದರು. 2004ರಲ್ಲಿ ಬಿಇಎಲ್ ಜೊತೆ ಅಮಿಡಾ ಸಿಂಪ್ಯೂಟರ್ ಹೆಸರಲ್ಲಿ ಅದು ಮಾರುಕಟ್ಟೆಗೆ ಬಂತು. ಓಎಸ್ ಲಿನಕ್ಸ್. ಕೈ ಅಲುಗಾಡಿಸಿದ್ದನ್ನು ಗುರುತಿಸೋ ಅಕ್ಸೆಲೆರೋಮೀಟರ್ ಕೂಡ ಇತ್ತು. ಐಫೋನ್ ಬಂದಿದ್ದು 2007ರಲ್ಲಿ, ನೆನಪಿರಲಿ. ಆದರೂ ಅದು ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. ಕಾರಣಗಳು ಹಲವು. ನನಗೆ ದೊಡ್ಡದಾಗಿ ಕಾಣೋದು ಒಂದು: ಜನ ಆಗಲೇ ಬಳಸ್ತಿದ್ದ ತಂತ್ರಾಂಶ ಅದರಲ್ಲಿ ಓಡುತ್ತಿರಲಿಲ್ಲ, ಎಲ್ಲ ಹೊಸದಾಗಿ ಬರೀಬೇಕಿತ್ತು. ದುಡ್ಡಿರೋ ವಾಲ್ವ್‌ಗೂ ಇದೇ ಗತಿ ಆಗಿತ್ತು. 2015ರಲ್ಲಿ ಸ್ಟೀಮ್ ಮಷಿನ್ ಅಂತ ಲಿನಕ್ಸ್ ಪಿಸಿಗಳು ಬಂದವು. ಲಿನಕ್ಸ್‌ಗೆ ಅಂತಲೇ ಮಾಡಿದ ಆಟ ಕಡಿಮೆ ಇದ್ದವು, ಯಾರೂ ಕೊಳ್ಳಲಿಲ್ಲ. ಡೆಕ್ ಗೆದ್ದಿದ್ದು ಅದರೊಳಗಿನ ಚಿಪ್ಪಿನಿಂದಲ್ಲ, ಪ್ರೋಟಾನ್‌ನಿಂದ.

ಈಗ ನಮ್ಮೂರಿನ ಪರೀಕ್ಷೆಗಳಿಗೆ ಬರೋಣ.

ಮೊದಲನೆಯದು ಬಿಸಿಲು. ಸಿಮೆಂಟು, ಫರಸಿ ಕಲ್ಲಿನ ಊರುಗಳು ನಮ್ಮವು. ಬೇಸಿಗೆಯಲ್ಲಿ 42 ಡಿಗ್ರಿ ಅಂದ್ರೆ ಯಾರೂ ತಿರುಗಿ ನೋಡಲ್ಲ. 2022ರ ಜುಲೈನಲ್ಲಿ ಯುರೋಪ್‌ನಲ್ಲಿ ಬಿಸಿಗಾಳಿ ಎದ್ದಾಗ ವಾಲ್ವ್ ತಾನೇ ಒಂದು ಎಚ್ಚರಿಕೆ ಕೊಟ್ಟಿತು: ಡೆಕ್ ಚೆನ್ನಾಗಿ ಓಡೋದು ಸುತ್ತಲಿನ ತಾಪ 0ರಿಂದ 35 ಡಿಗ್ರಿ ಇದ್ದಾಗ. ಚಿಪ್ಪಿನ ಬಿಸಿ 100 ಡಿಗ್ರಿ ದಾಟಿದರೆ ವೇಗ ತಾನಾಗೇ ಕಡಿಮೆಯಾಗುತ್ತೆ, 105ಕ್ಕೆ ಮಷಿನ್ ಬಂದ್. ಅಂದ್ರೆ ಏಪ್ರಿಲ್, ಮೇ ಮಧ್ಯಾಹ್ನ ಶಹಾಬಾದ್‌ನ ಮನೇಲಿ ಕೂತು ಆಡಿದರೆ ರಿವ್ಯೂನಲ್ಲಿ ಕಂಡ ವೇಗ ನಿಮಗೆ ಸಿಗಲ್ಲ. ಓಎಸ್ ಇಲ್ಲಿ ಮುಖ್ಯ ಆಗುತ್ತೆ. ಸ್ಟೀಮ್‌ಓಎಸ್‌ನಲ್ಲಿ ಒಂದು ಬಟನ್ ಒತ್ತಿ, ಆಟ ನಡೀತಿರುವಾಗಲೇ ಚಿಪ್ಪು ಎಷ್ಟು ವ್ಯಾಟ್ ತಿನ್ನಬೇಕು, ಸೆಕೆಂಡಿಗೆ ಎಷ್ಟು ಫ್ರೇಮ್ ಸಾಕು ಅಂತ ಕಡಿಮೆ ಮಾಡಬಹುದು. ಅದನ್ನ ಒಂದೊಂದು ಆಟಕ್ಕೂ ಬೇರೆ ಬೇರೆ ಉಳಿಸಿಡಬಹುದು. ವಿಂಡೋಸ್ ಮಷಿನ್‌ಗಳಲ್ಲೂ ಇದು ಸಾಧ್ಯ, ಆದರೆ ಒಂದೊಂದು ಕಂಪನಿಯ ಆ್ಯಪ್ ಒಂದೊಂದು ಥರ.

ಎರಡನೆಯದು ಮಧ್ಯದಲ್ಲಿ ನಿಲ್ಲಿಸೋದು. ನಮ್ಮ ಜನ ಆಡೋದು ಯಾವಾಗ? ವಾಡಿಯಿಂದ ರಾತ್ರಿ ಬೆಂಗಳೂರು ಗಾಡಿ ಹತ್ತಿದಾಗ. ಇಲ್ಲಾಂದ್ರೆ ಚಿಂಚೋಳಿ ಬಸ್ಸಿನಲ್ಲಿ, ಯಾಕಂದ್ರೆ ಅಲ್ಲಿಗೆ ರೈಲೇ ಇಲ್ಲ. ಟಿಸಿ ಬಂದ, ಊಟ ಬಂತು, ಅಮ್ಮನ ಫೋನ್ ಬಂತು. ಸ್ಟೀಮ್‌ಓಎಸ್‌ನಲ್ಲಿ ಪವರ್ ಬಟನ್ ಒತ್ತಿದರೆ ಆಟ ಅಲ್ಲೇ ನಿಲ್ಲುತ್ತೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಮುಂದೆ. ವಿಂಡೋಸ್‌ನಲ್ಲಿ ನಿದ್ದೆಗೆ ಹಾಕಿದ ಮಷಿನ್ ಬ್ಯಾಗಿನೊಳಗೆ ತಾನೇ ಎದ್ದು ಬ್ಯಾಟರಿ ಖಾಲಿ ಮಾಡಿದ ದೂರುಗಳು ಮೊದಲಿಂದಲೂ ಇವೆ.

ಮೂರನೆಯದು ನೆಟ್ಟು. ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿ ಮೊಬೈಲ್ ಪ್ಯಾಕ್‌ನಲ್ಲಿ ಅಷ್ಟು ಇಳಿಸೋಕೆ 75 ದಿನ. ಇದಕ್ಕೆ ಹುಡುಗರಿಗೆ ಗೊತ್ತಿರಬೇಕಾದ ಒಂದು ದಾರಿ ಇದೆ. 2023ರಿಂದ ಸ್ಟೀಮ್‌ನಲ್ಲಿ, ಒಂದೇ ವೈಫೈಗೆ ಸೇರಿದ ಎರಡು ಕಂಪ್ಯೂಟರ್‌ಗಳ ನಡುವೆ ಆಟನ ಸೀದಾ ಕಾಪಿ ಮಾಡಬಹುದು. ಬೆಂಗಳೂರು ರೂಮಿನ ಫೈಬರ್‌ನಲ್ಲಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ಬನ್ನಿ, ದೀಪಾವಳಿಗೆ ಊರಿಗೆ ಬಂದಾಗ ತಮ್ಮನ ಮಷಿನ್‌ಗೆ ದಾಟಿಸಿ. ನೆಟ್ಟಿನ ಡೇಟಾ ಹೆಚ್ಚುಕಡಿಮೆ ಖರ್ಚೇ ಆಗಲ್ಲ. ಇದು ವಿಂಡೋಸ್‌ನಲ್ಲೂ ನಡೆಯುತ್ತೆ.

ನಾಲ್ಕನೆಯದರಲ್ಲಿ ಸ್ಟೀಮ್ ಡೆಕ್ ಪೂರ್ತಿ ಸೋಲುತ್ತೆ. ವಾಲ್ವ್ ಅದನ್ನ ಭಾರತದಲ್ಲಿ ಅಧಿಕೃತವಾಗಿ ಮಾರೋದೇ ಇಲ್ಲ. ಇಲ್ಲಿ ಸಿಗೋದು ಹೊರಗಿಂದ ತಂದದ್ದು. ಕೆಟ್ಟರೆ ತಂದವನನ್ನೇ ಹುಡುಕಬೇಕು. ಏಸಸ್, ಲೆನೊವೊ ಆದರೆ ಬಿಲ್ಲು, ವಾರಂಟಿ ಅಂತ ಕೇಳೋಕೆ ಒಂದು ಜಾಗನಾದರೂ ಇರುತ್ತೆ. ಹಾಗಾಗಿ ನಮ್ಮ ಕಡೆ ಸದ್ಯಕ್ಕೆ ವಿಂಡೋಸ್ ಗೆಲ್ಲೋದು ಒಳ್ಳೇದು ಅಂತಲ್ಲ, ಅಂಗಡಿಯಲ್ಲಿ ಸಿಗುತ್ತೆ ಅಂತ.

ಇನ್ನೊಂದು ದೊಡ್ಡ ಬೀಗ ಇದೆ, ಆ್ಯಂಟಿ ಚೀಟ್. ಆನ್‌ಲೈನ್ ಆಟದಲ್ಲಿ ಮೋಸ ತಡೆಯೋ ಕಾವಲುಗಾರ ತಂತ್ರಾಂಶ ಇದು. ವ್ಯಾಲೊರಂಟ್‌ನಂಥ ಆಟಗಳಲ್ಲಿ ಅದು ವಿಂಡೋಸ್‌ನ ಕರ್ನಲ್‌ನಲ್ಲೇ, ಅಂದ್ರೆ ಓಎಸ್‌ನ ಗರ್ಭಗುಡಿಯಲ್ಲೇ ಕೂರುತ್ತೆ. ಪ್ರೋಟಾನ್‌ಗೆ ಅಲ್ಲಿ ಪ್ರವೇಶ ಇಲ್ಲ. ವ್ಯಾಲೊರಂಟ್, ಫೋರ್ಟ್‌ನೈಟ್ ಸ್ಟೀಮ್‌ಓಎಸ್ ಮೇಲೆ ಓಡಲ್ಲ. ಏಪೆಕ್ಸ್ ಲೆಜೆಂಡ್ಸ್ ಮೊದಲು ಓಡ್ತಿತ್ತು, 2024ರ ಅಕ್ಟೋಬರ್‌ನಲ್ಲಿ ಇಎ ಅದನ್ನೂ ನಿಲ್ಲಿಸಿತು. ನಿಮ್ಮ ಗೆಳೆಯರೆಲ್ಲ ಆಡೋದು ವ್ಯಾಲೊರಂಟ್ ಆದರೆ, ಉಳಿದ ಎಲ್ಲ ವಾದ ಅಲ್ಲಿಗೇ ಮುಗೀತು. ವಿಂಡೋಸ್ ತಗೊಳ್ಳಿ.

ಮೈಕ್ರೋಸಾಫ್ಟ್ ಕೂಡ ಸುಮ್ಮನೆ ಕೂತಿಲ್ಲ. 2025ರ ಅಕ್ಟೋಬರ್ 16ಕ್ಕೆ ಏಸಸ್ ಜೊತೆ ಆರ್‌ಒಜಿ ಎಕ್ಸ್‌ಬಾಕ್ಸ್ ಆಲೈ ತಂದಿತು. ಅದನ್ನ ಆನ್ ಮಾಡಿದರೆ ಡೆಸ್ಕ್‌ಟಾಪ್ ಬರಲ್ಲ, ಸೀದಾ ಆಟಗಳ ಪರದೆ ಬರುತ್ತೆ. ಡೆಸ್ಕ್‌ಟಾಪ್‌ನ ಸಾಮಾನು ಲೋಡ್ ಆಗದ ಕಾರಣ 2 ಜಿಬಿವರೆಗೆ ಮೆಮೊರಿ ಉಳಿಯುತ್ತೆ. ಅತ್ತ ವಾಲ್ವ್ 2025ರ ನವೆಂಬರ್‌ನಲ್ಲಿ ಟಿವಿಗೆ ಜೋಡಿಸೋ ಹೊಸ ಸ್ಟೀಮ್ ಮಷಿನ್ ಘೋಷಿಸಿತು. ಜೊತೆಗೆ ಫೋನ್‌ಗಳಲ್ಲಿರೋ ಥರದ ಆರ್ಮ್ ಚಿಪ್ಪಿನ ಮೇಲೆ ಪಿಸಿ ಆಟ ಓಡಿಸೋ ಸ್ಟೀಮ್ ಫ್ರೇಮ್ ಕೂಡ. ಮುಂದೆ ಈ ಹ್ಯಾಂಡ್‌ಹೆಲ್ಡ್‌ಗಳು ಹಗುರ ಆಗೋದು, ತಣ್ಣಗೆ ಓಡೋದು ಈ ದಾರಿಯಿಂದಲೇ ಅಂತ ನನ್ನ ಅಂದಾಜು. ಅಲ್ಲೂ ಬೇಕಾಗೋದು ಒಂದು ಸೇತುವೆಯೇ. ಇಂಟೆಲ್, ಎಎಂಡಿ ಚಿಪ್ಪಿಗೆ ಬರೆದ ಆಟನ ಆರ್ಮ್ ಭಾಷೆಗೆ ಅಲ್ಲಲ್ಲೇ ಬದಲಿಸೋದು.

ಇಷ್ಟೆಲ್ಲ ಓದಿ ಕೆಲವರು, "ತಿಂಗಳ ಪಗಾರದಾಗ ಅರ್ಧ ಮನಿಗೆ ಕಳಿಸ್ತೀವಿ, 70 ಸಾವಿರದ ಆಟಿಕೆ ನಮಗ್ಯಾಕ್ರಿ?" ಅಂತ ಕೇಳಬಹುದು. ನ್ಯಾಯವಾದ ಮಾತು. ಆದರೆ ಈ ಜಗಳದ ಲಾಭ ನಮಗೆ ಮುಟ್ಟೋದು ಹೊಸ ಹ್ಯಾಂಡ್‌ಹೆಲ್ಡ್ ಮೂಲಕ ಅಲ್ಲ. ಮನೆಯ ಕಪಾಟಿನಲ್ಲಿರೋ ಹಳೇ ಲ್ಯಾಪ್‌ಟಾಪ್ ಮೂಲಕ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಇದೆ, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಚಿಪ್ಪೋ ಅದರ ನಂತರದ್ದೋ ಇರಬೇಕು. ಡಿಗ್ರಿ ಓದುವಾಗ ಅಪ್ಪ ಸಾಲ ಮಾಡಿ ಕೊಡಿಸಿದ 6ನೇ, 7ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳೆಲ್ಲ ಈ ಲೆಕ್ಕದಲ್ಲಿ ಕಸ. ಅದೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿ, ಸ್ಟೀಮ್ ಹಾಕಿ ನೋಡಿ. ಪ್ರೋಟಾನ್‌ಗೆ ಬೇಕಾದ ವಲ್ಕನ್ ಗ್ರಾಫಿಕ್ಸ್ ಬೆಂಬಲ ಇಂಟೆಲ್ 6ನೇ ತಲೆಮಾರಿನಿಂದ ಲಿನಕ್ಸ್‌ನಲ್ಲಿ ಸಿಗುತ್ತೆ. ಭಾರೀ ಆಟ ಓಡಲ್ಲ, ಚಿಪ್ಪಿನ ಶಕ್ತಿ ಅಷ್ಟಿಲ್ಲ. ಹಳೇ ಆಟ, ಸಣ್ಣ ಆಟ ಓಡ್ತವೆ. ಪಿಯುಸಿ ಓದೋ ತಂಗಿಗೆ ಕೋಡಿಂಗ್ ಕಲಿಯೋಕೆ, ಬ್ರೌಸರ್‌ಗೆ, ಆಫೀಸ್ ಕೆಲಸಕ್ಕೆ ಇನ್ನೂ ಕೆಲವು ವರ್ಷ ಸಾಕು. ವಾಲ್ವ್ ತನ್ನ ಆಟ ಮಾರೋಕೆ ಲಿನಕ್ಸ್ ಗ್ರಾಫಿಕ್ಸ್ ಮೇಲೆ ಸುರಿದ ದುಡ್ಡು ಎಲ್ಲರಿಗೂ ಪುಕ್ಕಟೆ ಸಿಗ್ತಿದೆ. 2025ರ ಅಕ್ಟೋಬರ್‌ನಲ್ಲಿ ಸ್ಟೀಮ್ ಬಳಕೆದಾರರಲ್ಲಿ ಲಿನಕ್ಸ್ ಪಾಲು ಮೊದಲ ಸಲ ಶೇ 3 ದಾಟಿತು. ಸಣ್ಣ ಸಂಖ್ಯೆನೇ. ಆದರೆ ಹತ್ತು ವರ್ಷದ ಹಿಂದೆ ಅದು ಒಂದರ ಆಸುಪಾಸಿನಲ್ಲಿತ್ತು.

ಆಟ ಆಡದವರಿಗೂ ಇದರಲ್ಲಿ ಒಂದು ಪಾಠ ಇದೆ. ತಾಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯವರನ್ನು "ವಿಂಡೋಸ್ ಯಾಕ್ ಬಿಡಲ್ರಿ?" ಅಂತ ಕೇಳಿ. "ನುಡಿ ಬೇಕಲ್ರಿ" ಅಂತಾರೆ. ನುಡಿ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಕೂಡಿಟ್ಟ ಕಡತಗಳು ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಅಕ್ಷರ. ವ್ಯಾಲೊರಂಟ್ ಆಡೋನಿಗೆ ಆ್ಯಂಟಿ ಚೀಟ್ ಹೇಗೋ ಅವರಿಗೆ ಅದು ಹಾಗೆ. ಕಡತನ ಯೂನಿಕೋಡ್‌ಗೆ ಬದಲಿಸಿಟ್ಟರೆ ನಾಳೆ ಯಾವ ಓಎಸ್ ಬಂದರೂ ಭಯ ಇಲ್ಲ.

ಹಾಗಾಗಿ ಕೇಳಿದ ತಮ್ಮಂದಿರಿಗೆ ನನ್ನ ಲೆಕ್ಕ ಇಷ್ಟು. ಗೆಳೆಯರ ಜೊತೆ ಆನ್‌ಲೈನ್ ಆಟವೇ ಮುಖ್ಯ ಅಂದ್ರೆ ವಿಂಡೋಸ್ ಹ್ಯಾಂಡ್‌ಹೆಲ್ಡ್, ಇಲ್ಲೇ ಬಿಲ್ಲು ಸಿಗೋದು. ಒಬ್ಬರೇ ಆಡೋ ಆಟ, ರೈಲು ಪ್ರಯಾಣ ಜಾಸ್ತಿ ಅಂದ್ರೆ ಸ್ಟೀಮ್‌ಓಎಸ್ ಹಾಕೋಕೆ ಬರೋ ಮಷಿನ್ ನೋಡಿ. 2025ರಿಂದ ಆರ್‌ಒಜಿ ಆಲೈನಂಥ ಬೇರೆ ಕಂಪನಿ ಮಷಿನ್‌ಗಳಿಗೂ ಅದನ್ನ ಹಾಕಬಹುದು, ಹಾಗಾಗಿ ಇಲ್ಲಿಯ ವಾರಂಟಿ ಜೊತೆ ಕೊಂಡು ಮುಂದೆ ಬದಲಿಸೋ ದಾರಿ ಇದೆ. ಹಾಕೋ ಮುಂಚೆ ವಾರಂಟಿ ಷರತ್ತು ಒಮ್ಮೆ ಓದಿ. ಎರಡಕ್ಕೂ ದುಡ್ಡು ಸಾಲದು ಅಂದ್ರೆ ಹಳೇ ಲ್ಯಾಪ್‌ಟಾಪ್ ಧೂಳು ಒರೆಸಿ, ಒಂದು ಪೆನ್‌ಡ್ರೈವ್ ಹುಡುಕಿ. ಮುಖ್ಯವಾದ ಫೈಲುಗಳನ್ನ ಬೇರೆ ಕಡೆ ಕಾಪಿ ಮಾಡಿಟ್ಟೇ ಶುರು ಮಾಡಿ. ಭಾನುವಾರ ಒಂದು ಮಧ್ಯಾಹ್ನದ ಕೆಲಸ ಅದು.