ದುಡಿಮೆ ನಿಂತ ದಿನಗಳಿಗೆ ವಿಮೆ

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಭಾಷ್ಯಕಾರರು ಅರ್ಥ ಹೇಳಿರುವರು. 1956ರಲ್ಲಿ ಸ್ಥಾಪಿತವಾದ ಜೀವ ವಿಮಾ ನಿಗಮವು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಯೋಗಕ್ಷೇಮವೆಂಬ ಈ ಜೋಡಿಪದವನ್ನು ತೆಗೆದು ತನ್ನ ಲಾಂಛನದಲ್ಲಿ ಧರಿಸಿಕೊಂಡಿದೆ. ವಿಮೆ ಎಂಬ ಮಾತು ಮಾತ್ರ, ಕಿವಿಗೆ ಎಷ್ಟೇ ಸಂಸ್ಕೃತದಂತೆ ಕೇಳಿಸಿದರೂ, ಪಾರಸಿಯ ಬೀಮಾ ಎಂಬುದರಿಂದ ಬಂದುದು. ಹೊರಗೊಂದು ತೋರಿ ಒಳಗೊಂದಿರುವುದು ಆ ಶಬ್ದಕ್ಕೆ ಹುಟ್ಟಿನಿಂದಲೇ ಬಂದ ಗುಣವೋ ಏನೋ! ಈ ತಿಂಗಳು ನಾವು ಬರೆಯಹೊರಟಿರುವ ವಿಷಯದಲ್ಲಂತೂ ಹಾಗೆಯೇ ಆಗಿದೆ.

‘ವರಮಾನ ರಕ್ಷಣೆಯ ವಿಮೆ’ ಎಂಬುದೊಂದುಂಟಂತೆ, ಅದನ್ನು ಮಾಡಿಸಿದರೆ ಯಜಮಾನನು ಹಾಸಿಗೆ ಹಿಡಿದರೂ ತಿಂಗಳ ಸಂಬಳ ತಪ್ಪದೆ ಮನೆಗೆ ಬರುವುದಂತೆ, ಇದು ನಿಜವೆ ಎಂದು ವಾಚಕರಲ್ಲಿ ಕೆಲವರು ಕೇಳಿರುವರು. ಅರ್ಧ ನಿಜ. ಆ ಅರ್ಧವು ಯಾವುದೆಂದು ಅರಿಯದೆ ಧೈರ್ಯವಾಗಿರುವುದು ಸಂಸಾರಸ್ಥನಿಗೆ ಅಪಾಯಕರವಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳುವೆವು.

ಈ ಹೆಸರಿಗೆ ತಕ್ಕ ವಿಮೆಯು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಇರುವುದು. ರೋಗದಿಂದಾಗಲಿ ಗಾಯದಿಂದಾಗಲಿ ಒಬ್ಬನು ದುಡಿಯಲಾರದವನಾದರೆ, ಅವನ ಸಂಪಾದನೆಯಲ್ಲಿ ಸುಮಾರು ಅರ್ಧದಿಂದ ನೂರಕ್ಕೆ 70ರವರೆಗೆ ತಿಂಗಳು ತಿಂಗಳೂ ಕೊಡತಕ್ಕದ್ದು. ಅವನು ಗುಣಹೊಂದಿ ಕೆಲಸಕ್ಕೆ ಮರಳುವವರೆಗೆ ಅಥವಾ ಒಪ್ಪಂದದ ಅವಧಿ ಮುಗಿಯುವವರೆಗೆ ಕೊಡತಕ್ಕದ್ದು. ಮೊದಲ ದಿನದಿಂದಲೇ ಅಲ್ಲ. ನಾಲ್ಕು ವಾರದಿಂದ ಒಂದು ವರ್ಷದವರೆಗೆ ಎಷ್ಟು ಕಾಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿರುವರು. ಪೂರ್ತಿ ಸಂಬಳವನ್ನು ಕೊಡದಿರುವುದಕ್ಕೆ ಕಾರಣವೂ ಸ್ಪಷ್ಟ: ಮಲಗಿದಾಗಲೂ ದುಡಿದಾಗಲೂ ಒಂದೇ ಮೊತ್ತ ಬರುವುದಾದರೆ ಏಳುವ ಅವಸರ ಯಾರಿಗೂ ಇರದು. ನಮ್ಮ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿ ಆ ದೇಶದಲ್ಲಿರುವುದರಿಂದ ಅಲ್ಲಿಯ ಮಾತು ಇಲ್ಲಿಯ ಮನೆಗಳಿಗೂ ಬಂದು, ಇಲ್ಲಿಯೂ ಹಾಗೆಯೇ ಇರುವುದೆಂಬ ಭ್ರಮೆಯನ್ನು ಹುಟ್ಟಿಸಿದೆ.

ಇಲ್ಲಿ ಸಾಮಾನ್ಯ ಗೃಹಸ್ಥನ ಕೈಗೆ ಬರುವುದು ಆ ಇಡಿಯ ವಸ್ತುವಲ್ಲ, ಅದರ ತುಂಡುಗಳು. ಅಪಘಾತಕ್ಕೊಂದು, ಘೋರವ್ಯಾಧಿಗೊಂದು, ಆಸ್ಪತ್ರೆಯ ದಿನಗಳಿಗೊಂದು, ಸಾಲದ ಕಂತಿಗೊಂದು. ಇವುಗಳಿಗೆಲ್ಲ ವರಮಾನವೆಂಬ ಹೆಸರನ್ನು ಸಲೀಸಾಗಿ ಅಂಟಿಸುವರು. ಇನ್ನು ಕೆಲವು ಪತ್ರಗಳಲ್ಲಿ ‘ಕುಟುಂಬಕ್ಕೆ ತಿಂಗಳ ವರಮಾನ’ ಎಂದು ದಪ್ಪಕ್ಷರದಲ್ಲಿರುವುದು. ಓದಿ ನೋಡಿದರೆ ಅದು ಯಜಮಾನನು ಸತ್ತಮೇಲೆ ಹೆಂಡತಿಮಕ್ಕಳಿಗೆ ಕಂತುಗಳಲ್ಲಿ ಬರುವ ಜೀವವಿಮೆಯ ಹಣ. ಒಳ್ಳೆಯದೇ, ಆದರೆ ಬದುಕಿದ್ದು ದುಡಿಯಲಾರದವನಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ.

ನಮ್ಮ ಹಳೆಯ ಶಿಷ್ಯನೊಬ್ಬನು ಮದುವೆ ಮುಂಜಿಗಳಿಗೆ ಅಡಿಗೆ ಮಾಡಿಸುವ ವೃತ್ತಿಯವನು. ಮೂರು ವರ್ಷದ ಕೆಳಗೆ ಸ್ಕೂಟರಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಅಪಘಾತ ವಿಮೆಯಿದ್ದುದರಿಂದ ಒಂಬತ್ತು ವಾರಗಳ ಹಣ ಬಂದಿತು, ಸಂತೋಷಪಟ್ಟನು. ಕಳೆದ ವರ್ಷ ಮಾಘಮಾಸದ ಮದುವೆಗಳ ಮಧ್ಯದಲ್ಲಿ ಬೆನ್ನೆಲುಬಿನ ಬಿಲ್ಲೆ ಜಾರಿ ಎರಡು ತಿಂಗಳು ಚಾಪೆಯ ಮೇಲೆ ಮಲಗಬೇಕಾಯಿತು. ಅದೇ ವಿಮೆ, ಅದೇ ಕಂತು. ಬಂದ ಉತ್ತರವು ಮಾತ್ರ ‘ಇಲ್ಲ’. ಕಾಗದಗಳನ್ನು ಹಿಡಿದುಕೊಂಡು ಬಂದು, “ಮೇಷ್ಟ್ರೇ, ಆಗಲೂ ನಾನು ಒಲೆ ಮುಂದೆ ನಿಲ್ಲಲಿಲ್ಲ, ಈಗಲೂ ನಿಲ್ಲಲಿಲ್ಲ. ಇವರಿಗೆ ಏನು ವ್ಯತ್ಯಾಸ?” ಎಂದನು. ಅವನಿಗಿಲ್ಲ, ವಿಮೆಯ ಪತ್ರಕ್ಕೆ ಉಂಟು. ಅದು ದುಡಿಮೆ ನಿಂತುದನ್ನು ನೋಡುವುದಿಲ್ಲ, ಯಾವ ಕಾರಣದಿಂದ ನಿಂತಿತೆಂಬುದನ್ನು ನೋಡುವುದು.

ಅಪಘಾತವೆಂದರೇನು ಎಂಬುದಕ್ಕೆ ನಮ್ಮ ದೇಶದ ವಿಮಾ ಪತ್ರಗಳಲ್ಲಿ ಒಂದೇ ಲಕ್ಷಣವಾಕ್ಯವಿರುವುದು. ಅದು ಹಠಾತ್ತಾಗಿರಬೇಕು, ಮುಂಗಾಣದುದಾಗಿರಬೇಕು, ತಾನಾಗಿ ಬರಮಾಡಿಕೊಂಡುದಾಗಿರಬಾರದು, ಹೊರಗಿನಿಂದ ಬಂದುದಾಗಿರಬೇಕು, ಕಣ್ಣಿಗೆ ಕಾಣುವಂಥದಾಗಿರಬೇಕು, ರಭಸವುಳ್ಳದ್ದಾಗಿರಬೇಕು. ತರ್ಕಶಾಸ್ತ್ರವನ್ನು ಓದಿದವರು ಇಷ್ಟು ವಿಶೇಷಣಗಳನ್ನು ಕಂಡೊಡನೆ ಪ್ರತಿಯೊಂದೂ ಏನನ್ನೋ ಹೊರಗಿಡುವುದಕ್ಕಾಗಿಯೇ ಬಂದಿದೆಯೆಂದು ತಿಳಿಯುವರು. ಹಾಗೆಯೇ ಸರಿ. ಮುಪ್ಪಿನಿಂದ ಸವೆದ ಬೆನ್ನುಮೂಳೆ ಹೊರಗಿನಿಂದ ಬಂದುದಲ್ಲ. ವಿಷಮಶೀತಜ್ವರವು ರಭಸವುಳ್ಳದ್ದಲ್ಲ. ಸೊಳ್ಳೆ ಕಚ್ಚಿ ಬರುವ ಮಲೇರಿಯಾ ಅಪಘಾತವಾಗುವುದೆ ಎಂಬ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆಫ್ರಿಕದ ಮೊಜಾಂಬಿಕ್ ದೇಶಕ್ಕೆ ಉದ್ಯೋಗಕ್ಕಾಗಿ ಹೋದ ಒಬ್ಬರು ಮಲೇರಿಯಾದಿಂದ ತೀರಿಕೊಂಡರು. ಕೆಳಗಿನ ಗ್ರಾಹಕ ವೇದಿಕೆಗಳು ಕುಟುಂಬದ ಪರವಾಗಿ ಹೇಳಿದ್ದುವು. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಿರುಗಿಸಿ, ಮಲೇರಿಯಾ ಅಷ್ಟು ವ್ಯಾಪಕವಾಗಿರುವ ದೇಶದಲ್ಲಿ ಅದು ತಗಲುವುದನ್ನು ಅನಿರೀಕ್ಷಿತವೆನ್ನಲಾಗದು, ಅಪಘಾತವೆನ್ನಲಾಗದು ಎಂದು ತೀರ್ಪಿತ್ತಿತು. ಮನೆಯವರ ದುಃಖವನ್ನು ನೆನೆದರೆ ತೀರ್ಪು ಕಠಿನವೆನಿಸುವುದು. ವಾಕ್ಯವನ್ನು ಓದಿದರೆ ಬೇರೆ ಅರ್ಥ ಹೊರಡುವುದೂ ಕಷ್ಟ.

ಅಪಘಾತವೇ ಆಯಿತೆನ್ನೋಣ. ಆಗಲೂ ವಾರದ ಹಣ ತಾನಾಗಿ ಬರುವುದಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಎಷ್ಟೋ ಮಂದಿ ಬ್ಯಾಂಕಿನ ಖಾತೆಯಿಂದ ಕಟ್ಟುತ್ತಿರುವರು. 2015ರಲ್ಲಿ ವರ್ಷಕ್ಕೆ 12 ರೂಪಾಯಿಗೆ ಆರಂಭವಾಗಿ 2022ರ ಜೂನಿನಿಂದ 20 ರೂಪಾಯಿ ಆಯಿತು. ಇಷ್ಟು ಅಗ್ಗದಲ್ಲಿ ಬೇರೇನೂ ಸಿಕ್ಕದು; ಎಲ್ಲರೂ ಕಟ್ಟಲಿ. ಆದರೆ ಅದು ಕೊಡುವುದು ಅಪಘಾತದಿಂದ ಮರಣವಾದರೆ 2 ಲಕ್ಷ, ಎರಡು ಕಣ್ಣು ಅಥವಾ ಎರಡು ಕೈಕಾಲು ಹೋದರೆ 2 ಲಕ್ಷ, ಒಂದು ಕಣ್ಣೋ ಒಂದು ಕೈಯೋ ಕಾಲೋ ಹೋದರೆ 1 ಲಕ್ಷ. ಮುರಿದ ಕೈ ಮತ್ತೆ ಕೂಡುವುದಾದರೆ ಏನೂ ಇಲ್ಲ. 2021ರ ಏಪ್ರಿಲಿನಿಂದ ಎಲ್ಲ ಕಂಪೆನಿಗಳೂ ಒಂದೇ ನಮೂನೆಯಲ್ಲಿ ಕೊಡಬೇಕಾಗಿ ಬಂದ ‘ಸರಳ ಸುರಕ್ಷಾ ಬಿಮಾ’ ಎಂಬ ಅಪಘಾತ ವಿಮೆಯಲ್ಲಿಯೂ ತಾತ್ಕಾಲಿಕ ಅಶಕ್ತತೆಯ ವಾರದ ಹಣವು ಮೂಲದಲ್ಲಿ ಸೇರಿಲ್ಲ. ಬೇರೆ ಕಂತು ಕೊಟ್ಟು ಸೇರಿಸಿಕೊಳ್ಳಬೇಕು. ಬೇರೆ ಅನೇಕ ಪತ್ರಗಳಲ್ಲಿ ವಿಮಾಮೊತ್ತದ ನೂರಕ್ಕೆ 1ರಂತೆ ವಾರಕ್ಕೆ, ಸುಮಾರು 100 ವಾರಗಳವರೆಗೆ ಎಂದಿರುವುದು. ಹತ್ತು ಲಕ್ಷಕ್ಕೆ ವಾರಕ್ಕೆ 10,000 ರೂಪಾಯಿ ಎಂದು ಲೆಕ್ಕ ಹಾಕಿ ಹಿಗ್ಗಬಾರದು. ಅದರ ಪಕ್ಕದಲ್ಲಿಯೇ ವಾರಕ್ಕೆ ಇಷ್ಟಕ್ಕೆ ಮೀರದಂತೆ ಎಂಬ ಮಿತಿಯೂ, ನಿಜವಾದ ಸಂಪಾದನೆಗೆ ಮೀರದಂತೆ ಎಂಬ ಮಿತಿಯೂ ಇರುವುದುಂಟು.

ಇನ್ನು ‘ಸಂಪೂರ್ಣ ಅಶಕ್ತತೆ’ ಎಂಬ ಮಾತಿಗೆ ಬರೋಣ. ಪಾಠ ಹೇಳಿ ಬದುಕಿದ ನಮಗೆ ಇದರಲ್ಲಿ ಒಂದು ವಿಧದ ಆಸಕ್ತಿ. ಕೆಲವು ಪತ್ರಗಳು ‘ಸ್ವವೃತ್ತಿ’ಯನ್ನು ನಡಸಲಾರದವನು ಎನ್ನುವುವು, ಮತ್ತೆ ಕೆಲವು ‘ಸರ್ವವೃತ್ತಿ’ಗಳಿಗೂ, ಎಂದರೆ ಯಾವುದೇ ಉದ್ಯೋಗಕ್ಕೂ, ಅಶಕ್ತನಾದವನು ಎನ್ನುವುವು. ಸ್ವ ಎಂಬುದಕ್ಕೂ ಸರ್ವ ಎಂಬುದಕ್ಕೂ ಬರವಣಿಗೆಯಲ್ಲಿ ಒಂದು ರಕಾರದ ಅಂತರ; ವ್ಯವಹಾರದಲ್ಲಿ ಆರು ತಿಂಗಳ ಅಕ್ಕಿಬೇಳೆಯ ಅಂತರ. ಅಡಿಗೆಯವನ ಕೈ ಮುರಿದರೆ ಸೌಟು ಹಿಡಿಯಲಾರನು, ಸ್ವವೃತ್ತಿ ನಿಂತಿತು. ಆದರೆ ಅವನು ಕುರ್ಚಿಯಲ್ಲಿ ಕುಳಿತು ಅಂಗಡಿಯ ಗಲ್ಲಾ ನೋಡಿಕೊಳ್ಳಬಲ್ಲನಷ್ಟೆ! ಸರ್ವವೃತ್ತಿಯ ಪತ್ರವಾದರೆ ಇಷ್ಟು ಹೇಳಿ ಹಣವನ್ನು ನಿಲ್ಲಿಸಬಹುದು. ಹಗುರವಾದ ಕೆಲಸ ಮಾಡಬಹುದೆಂದು ವೈದ್ಯರು ಬರೆದುಕೊಟ್ಟ ದಿನದಿಂದಲೇ ವಾರದ ಲೆಕ್ಕ ಮುಗಿಯುವುದೂ ಉಂಟು. ಆದಕಾರಣ ವೈದ್ಯರಿಂದ ಚೀಟಿ ಪಡೆಯುವಾಗ ತಾನು ಮಾಡತಕ್ಕ ಕೆಲಸವೇನು, ಅದರಲ್ಲಿ ಎಷ್ಟು ಭಾರವೆತ್ತಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಅವರಿಗೆ ತಿಳಿಯಹೇಳಿ ಬರೆಸಿಕೊಳ್ಳುವುದು ಯುಕ್ತ. ಇದು ಸುಳ್ಳು ಬರೆಸುವುದಲ್ಲ, ನಿಜವನ್ನು ಪೂರ್ತಿಯಾಗಿ ಬರೆಸುವುದು.

ಕಾರ್ಖಾನೆ ಕಚೇರಿಗಳಲ್ಲಿ ದುಡಿಯುವವರಿಗೆ ಇದಕ್ಕಿಂತ ಉತ್ತಮವಾದ ಏರ್ಪಾಟೊಂದುಂಟು. ಅದನ್ನು ಯಾರೂ ಬಣ್ಣದ ಕಾಗದದಲ್ಲಿ ಅಚ್ಚುಹಾಕಿ ಹಂಚುವುದಿಲ್ಲವಾದುದರಿಂದ ಅದರ ಬೆಲೆ ಜನಕ್ಕೆ ತಿಳಿಯದು. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಎಂಬ ನೌಕರರ ರಾಜ್ಯ ವಿಮೆಯೇ ಅದು. 2017ರಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆಂದು ಅದರ ಮಿತಿಯನ್ನು ಏರಿಸಿದರು. ಬರಿಯ ಜ್ವರದಿಂದ ಮಲಗಿದರೂ ಅದು ಸಂಬಳದ ನೂರಕ್ಕೆ 70ರಂತೆ ವರ್ಷದಲ್ಲಿ 91 ದಿನಗಳವರೆಗೆ ಕೊಡುವುದು. ಕ್ಷಯ, ಅರ್ಬುದ ಮೊದಲಾದ ಗೊತ್ತುಮಾಡಿದ 34 ದೀರ್ಘವ್ಯಾಧಿಗಳಿಗೆ ನೂರಕ್ಕೆ 80ರಂತೆ ಎರಡು ವರ್ಷಗಳವರೆಗೂ ಕೊಡುವುದು. ಕೆಲಸದಲ್ಲಿ ಗಾಯವಾದರೆ ನೂರಕ್ಕೆ 90. ರೋಗದ ಹಣಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನಗಳಾದರೂ ವಂತಿಗೆ ಸಂದಿರಬೇಕು. ಗಾಯದ ಹಣಕ್ಕೆ ಆ ನಿಬಂಧನೆಯಿಲ್ಲ. ಸಂಬಳದ ಚೀಟಿಯಲ್ಲಿ ನೂರಕ್ಕೆ ಮುಕ್ಕಾಲರಂತೆ ಕಡಿದಿರುವುದನ್ನು ಕಂಡು ಗೊಣಗುವ ತರುಣರು ಇದನ್ನು ಒಮ್ಮೆ ಓದಲಿ.

ಸರ್ಕಾರಿ ನೌಕರರ ಸ್ಥಿತಿ ಬೇರೆ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ವಿಮಾ ವ್ಯವಸ್ಥೆಯನ್ನು ಆರಂಭಿಸಿತು, ಅದು ಇಂದಿಗೂ ನಡೆಯುತ್ತಿದೆ. ಆದರೆ ಅದು ಜೀವವಿಮೆ. ರೋಗ ಬಂದಾಗ ನಮ್ಮಂಥವರನ್ನು ಕಾಪಾಡಿದುದು ಅರ್ಧವೇತನದ ರಜೆ. ಆ ರಜೆಯೂ ಇಲ್ಲದ, ಇ.ಎಸ್.ಐ.ಯೂ ಇಲ್ಲದ ದರ್ಜಿ, ಪುರೋಹಿತ, ಬಡಗಿ, ಸಣ್ಣ ಅಂಗಡಿಯವನು, ಮನೆಪಾಠ ಹೇಳುವವಳು, ಇವರಿಗೇ ಈ ವಿಮೆ ಹೆಚ್ಚಾಗಿ ಬೇಕಾದುದು, ಇವರಿಗೇ ಅದು ದೊರೆಯುವುದು ಕಷ್ಟ. ಏಕೆಂದರೆ ಕಂಪೆನಿಯು ಕೇಳುವುದು ಸಂಪಾದನೆಯ ದಾಖಲೆ. ದಕ್ಷಿಣೆಗೆ ರಸೀತಿ ಯಾರು ಬರೆಯುವರು? ವರಮಾನ ತೆರಿಗೆಯ ಲೆಕ್ಕವನ್ನು ಒಪ್ಪಿಸುವುದು, ಬಂದ ಹಣವನ್ನು ಬ್ಯಾಂಕಿನ ಮೂಲಕ ಪಡೆಯುವುದು, ಇಲ್ಲವೆ ತಾರೀಖು ಸಹಿತ ಪುಸ್ತಕವನ್ನಿಡುವುದು, ಇವುಗಳಲ್ಲಿ ಒಂದಾದರೂ ಇಲ್ಲದೆ ವಾರದ ಹಣವನ್ನು ಕೇಳಹೋದವನು ತನ್ನ ಸಂಪಾದನೆ ಇಷ್ಟೆಂದು ತೋರಿಸಲಾರನು.

ಇಲ್ಲಿ ಗೃಹಿಣಿಯರ ವಿಷಯವನ್ನೂ ಹೇಳದೆ ಬಿಡಲಾಗದು. ಮನೆಯೊಡತಿಯು ಜಾರಿಬಿದ್ದು ಮೂರು ತಿಂಗಳು ಮಲಗಿದರೆ ಅಡಿಗೆಗೆ, ಮಕ್ಕಳಿಗೆ, ಹಿರಿಯರ ಶುಶ್ರೂಷೆಗೆ ಜನವನ್ನಿಟ್ಟು ಕೈಯಿಂದ ಹಣ ಕೊಡಬೇಕಾಗುವುದು. ಆದರೂ ಅವಳಿಗೆ ‘ಸಂಪಾದನೆ’ ಇಲ್ಲವಾದುದರಿಂದ ವಾರದ ಹಣವು ಸಾಮಾನ್ಯವಾಗಿ ಅವಳಿಗೆ ಸಲ್ಲದು. ಇದನ್ನು ನ್ಯಾಯವೆಂದು ನಾವು ಒಪ್ಪಲಾರೆವು, ಇರುವುದು ಹೀಗೆ.

ಘೋರವ್ಯಾಧಿಗಳ ವಿಮೆಯು ತಿಂಗಳ ಹಣವನ್ನಲ್ಲ, ಒಂದೇ ಇಡುಗಂಟನ್ನು ಕೊಡುವುದು. ಪಟ್ಟಿಯಲ್ಲಿರುವ ರೋಗವಾಗಿರಬೇಕು, ಪಟ್ಟಿಯಲ್ಲಿ ಹೇಳಿದಷ್ಟು ತೀವ್ರವಾಗಿಯೂ ಇರಬೇಕು. ಎದೆನೋವು ಬಂದು ಹೋದರೆ ಅದು ಹೃದಯಾಘಾತದ ಲೆಕ್ಕಕ್ಕೆ ಬಾರದು. ಪಾರ್ಶ್ವವಾಯುವಾದರೆ ಅದರ ಊನವು ಕನಿಷ್ಠ ಮೂರು ತಿಂಗಳು ಉಳಿದಿದೆಯೆಂಬುದಕ್ಕೆ ಸಾಕ್ಷ್ಯ ಬೇಕು. ವಿಮೆ ಮಾಡಿಸಿದ ಮೊದಲ 90 ದಿನಗಳಲ್ಲಿ ಬಂದ ರೋಗಕ್ಕೆ ಸಾಮಾನ್ಯವಾಗಿ ಏನೂ ಇಲ್ಲ; ರೋಗ ಗೊತ್ತಾದಮೇಲೆ ಇಂತಿಷ್ಟು ದಿನ, ಅನೇಕವೇಳೆ 30 ದಿನ, ಬದುಕಿರಬೇಕೆಂಬ ನಿಬಂಧನೆಯೂ ಇರುವುದು. ಆಸ್ಪತ್ರೆಯ ದಿನಭತ್ಯದ ವಿಮೆಯಾದರೋ ಆಸ್ಪತ್ರೆಯ ಮಂಚದ ಮೇಲಿದ್ದ ದಿನಗಳಿಗೆ ಮಾತ್ರ. ನಾಲ್ಕು ದಿನ ಅಲ್ಲಿದ್ದು ನಲವತ್ತು ದಿನ ಮನೆಯಲ್ಲಿ ಮಲಗುವ ರೋಗಿಗೆ ನಾಲ್ಕೇ ದಿನದ ಹಣ.

ಕೆಲಸವೇ ಹೋದರೆ? ಮನೆಸಾಲದ ಜತೆಗೆ ಮಾರುವ ಒಂದು ಉಪವಿಮೆಯುಂಟು. ಸಾಮಾನ್ಯವಾಗಿ ಸಾಲದ ಮೂರು ಕಂತುಗಳನ್ನು ಕಟ್ಟುವುದು, ಅಷ್ಟೆ. ರಾಜೀನಾಮೆ ಕೊಟ್ಟವನಿಗಿಲ್ಲ, ಸ್ವಯಂ ನಿವೃತ್ತನಿಗಿಲ್ಲ, ಕೆಲಸ ಸರಿಯಿಲ್ಲವೆಂದು ತೆಗೆದುಹಾಕಲ್ಪಟ್ಟವನಿಗಿಲ್ಲ, ಸ್ವಂತ ಉದ್ಯೋಗದವನಿಗಿಲ್ಲ. ಈಗಿನ ಕಂಪೆನಿಗಳಲ್ಲಿ ಜನರನ್ನು ಕಳುಹಿಸುವಾಗ ರಾಜೀನಾಮೆಯ ಪತ್ರವನ್ನು ಅವರಿಂದಲೇ ಬರೆಯಿಸಿಕೊಳ್ಳುವ ರೂಢಿಯಿರುವುದರಿಂದ ಈ ವಿಮೆಯ ಉಪಯೋಗವೆಷ್ಟೆಂಬುದನ್ನು ವಾಚಕರೇ ಊಹಿಸಲಿ.

ಕೊಂಡುಕೊಳ್ಳುವುದಾದರೆ ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಮೊದಲಿನಿಂದ ಇರುವ ಸಕ್ಕರೆ ರೋಗ, ರಕ್ತದ ಒತ್ತಡ, ಹಳೆಯ ಶಸ್ತ್ರಚಿಕಿತ್ಸೆ, ಬೀಡಿ ಹೊಗೆಸೊಪ್ಪು, ಯಾವುದನ್ನೂ ಬಚ್ಚಿಡಬಾರದು. ಏಜೆಂಟರು “ಅದೆಲ್ಲ ಬೇಡಿ ಸಾರ್, ಕಂತು ಜಾಸ್ತಿಯಾಗುತ್ತೆ” ಎಂದು ಹೇಳಿದರೂ ಸಹಿ ಹಾಕುವವರು ಅವರಲ್ಲ. ಆರೋಗ್ಯ ವಿಮೆಯಲ್ಲಿ ಹಳೆಯ ರೋಗಕ್ಕಾಗಿ ಕಾಯಿಸುವ ಅವಧಿಯು ಮೂರು ವರ್ಷಕ್ಕೆ ಮೀರಕೂಡದೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ನಿಯಮ ಮಾಡಿದೆ. ಹೇಳಿಕೊಂಡವನಿಗೆ ಕಾಯುವ ಕಷ್ಟ ಮಾತ್ರ, ಬಚ್ಚಿಟ್ಟವನಿಗೆ ಪತ್ರವೇ ರದ್ದಾಗಬಹುದು. ಎರಡನೆಯದು, ಪತ್ರದ ಜತೆಗೆ ‘ಗ್ರಾಹಕ ಮಾಹಿತಿ ಪತ್ರ’ವೆಂಬ ಚಿಕ್ಕ ಕಾಗದವನ್ನು ಕಂಪೆನಿಯು ಕೊಡಬೇಕು. ಯಾವುದು ಒಳಗೆ, ಯಾವುದು ಹೊರಗೆ, ಎಷ್ಟು ಕಾಯಬೇಕು ಎಂಬುದು ಅದರಲ್ಲಿರುವುದು. ಕೇಳಿದರೆ ಅದನ್ನು ಕನ್ನಡದಲ್ಲಿಯೇ ಕೊಡಬೇಕು. ನಾಚದೆ ಕೇಳಿರಿ. ಪತ್ರವು ಕೈಸೇರಿದ 30 ದಿನಗಳೊಳಗೆ ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಿ, ಅಲ್ಪಸ್ವಲ್ಪ ಕಳೆದು, ಕಂತಿನ ಹಣವನ್ನು ಮರಳಿ ಪಡೆಯಬಹುದು. ಒಂದು ವರ್ಷದೊಳಗಿನ ಪತ್ರಗಳಿಗೆ ಈ ಸೌಲಭ್ಯ ಸಲ್ಲದು.

ಆ ಶಿಷ್ಯನ ಅರ್ಜಿಯನ್ನು ತಿರಸ್ಕರಿಸಿದುದು ಪತ್ರದ ಪ್ರಕಾರ ಸರಿಯೇ ಎಂದು ಅವನಿಗೆ ಹೇಳಬೇಕಾಯಿತು. ಆದರೆ ತಿರಸ್ಕಾರವು ತಪ್ಪೆಂದು ತೋರಿದವರು ಮೊದಲು ಕಂಪೆನಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರವು ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗಾಗಿ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ನರಿಗೆ ಬರೆಯಬಹುದು. 50 ಲಕ್ಷ ರೂಪಾಯಿಗಳವರೆಗಿನ ವ್ಯಾಜ್ಯವನ್ನು ಅವರು ವಿಚಾರಿಸುವರು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ವಿಮಾಪತ್ರದ ಪ್ರತಿ, ವೈದ್ಯರ ಚೀಟಿಗಳು, ಕಂಪೆನಿಯು ಬರೆದ ಉತ್ತರ, ಇವನ್ನು ತಾರೀಖಿನ ಕ್ರಮದಲ್ಲಿ ಪೋಣಿಸಿ ಜತೆಗಿಡಬೇಕು.