ದೆಹಲಿಯಿಂದ ಪಂಚಾಯತಿಗೆ ಬರುವ ಹಣ: ಬೀಗದ ಕೈ ಯಾರಲ್ಲಿದೆ?

ನಮ್ಮ ಧರ್ಮಕೇಂದ್ರಗಳ ವಾರ್ಡು ಸಭೆಗಳಲ್ಲಿ ಊರಿನ ವಿಷಯ ಎತ್ತಿದಾಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಕೇಂದ್ರ ಸರಕಾರ ಪಂಚಾಯತಿಗೆ ಲಕ್ಷಗಟ್ಟಲೆ ಕೊಡುತ್ತದಂತೆ, ನಮ್ಮ ರಸ್ತೆಗೆ ಮಾತ್ರ ಒಂದು ಬುಟ್ಟಿ ಜಲ್ಲಿಯೂ ಬೀಳುವುದಿಲ್ಲ." ಈ ಮಾತಿನ ಮೊದಲರ್ಧ ಸರಿ. ಎರಡನೆಯ ಅರ್ಧದ ತಪ್ಪನ್ನು ಪಂಚಾಯತಿನ ಅಧ್ಯಕ್ಷರ ಮೇಲೋ ಅಭಿವೃದ್ಧಿ ಅಧಿಕಾರಿಯ ಮೇಲೋ ಹೊರಿಸಿಬಿಡುವುದು ಸುಲಭ. ಆದರೆ ಆ ಹಣ ಯಾವ ದಾರಿಯಲ್ಲಿ ಬರುತ್ತದೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿದುಕೊಂಡರೆ ನಮ್ಮ ಸಿಟ್ಟು ಸರಿಯಾದ ಕಡೆಗೆ ತಿರುಗೀತು.

ಈ ಹಣ ಯಾರೋ ಮಂತ್ರಿ ದಯೆಯಿಂದ ಕೊಡುವ ದಾನವಲ್ಲ. 1992ರ 73ನೇ ಸಂವಿಧಾನ ತಿದ್ದುಪಡಿ ಪಂಚಾಯತಿಗಳಿಗೆ ಸಂವಿಧಾನದಲ್ಲಿಯೇ ಸ್ಥಾನ ಕೊಟ್ಟಿತು, 29 ವಿಷಯಗಳನ್ನು ಅವುಗಳ ಪಟ್ಟಿಗೆ ಸೇರಿಸಿತು. ಅದರ ಜೊತೆಗೆ ಹಣಕಾಸು ಆಯೋಗವು ಪಂಚಾಯತಿಗಳ ಬಗ್ಗೆಯೂ ಶಿಫಾರಸು ಮಾಡಬೇಕೆಂದು 280ನೇ ವಿಧಿಗೆ ಒಂದು ಉಪವಿಧಿ ಸೇರಿತು. 14ನೇ ಆಯೋಗ 2015ರಿಂದ 2020ರ ವರೆಗೆ ಸುಮಾರು 2 ಲಕ್ಷ ಕೋಟಿ ರೂಪಾಯಿಯನ್ನು ಗ್ರಾಮ ಪಂಚಾಯತಿಗಳಿಗಷ್ಟೇ ಮೀಸಲಿಟ್ಟಿತು. ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ ಏನೂ ಇರಲಿಲ್ಲ. ಎನ್.ಕೆ. ಸಿಂಗ್ ಅವರ ಅಧ್ಯಕ್ಷತೆಯ 15ನೇ ಆಯೋಗ ಇದನ್ನು ಬದಲಿಸಿತು. 2021-22ರಿಂದ 2025-26ರ ವರೆಗಿನ ಐದು ವರ್ಷಕ್ಕೆ ದೇಶದ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ರೂಪಾಯಿ ಎಂದು ನಿಗದಿ ಮಾಡಿ, ಮೂರೂ ಹಂತಗಳಿಗೂ ಪಾಲು ಕೊಟ್ಟಿತು. ಬಹುಪಾಲು ಗ್ರಾಮ ಪಂಚಾಯತಿಗೇ ಉಳಿಯಿತು. ಕೇಂದ್ರದಿಂದ ಬಂದ ಹಣವನ್ನು ರಾಜ್ಯ ಸರಕಾರ 10 ಕೆಲಸದ ದಿನಗಳೊಳಗೆ ಕೆಳಗೆ ದಾಟಿಸಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂಬ ನಿಯಮವೂ ಬಂತು.

ಆದರೆ ಈ ಹಣಕ್ಕೆ ಎರಡು ಬೀಗಗಳಿವೆ.

ಮೊದಲನೆಯದು ದೆಹಲಿಯದು. 15ನೇ ಆಯೋಗದ ಅವಧಿಯಲ್ಲಿ ನೂರು ರೂಪಾಯಿ ಬಂದರೆ ಅದರಲ್ಲಿ ಅರುವತ್ತು ರೂಪಾಯಿ ನಿರ್ಬಂಧಿತ ಅನುದಾನವಾಗಿತ್ತು. ಮೂವತ್ತು ನೈರ್ಮಲ್ಯಕ್ಕೆ, ಮೂವತ್ತು ಕುಡಿಯುವ ನೀರು, ಮಳೆಕೊಯ್ಲು, ನೀರಿನ ಮರುಬಳಕೆಗೆ. ಉಳಿದ ನಲುವತ್ತನ್ನು ಊರಿನ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು, ಆದರೆ ಸಂಬಳಕ್ಕೂ ಕಚೇರಿ ಖರ್ಚಿಗೂ ಬಳಸುವಂತಿರಲಿಲ್ಲ. ರಸ್ತೆ, ಚರಂಡಿ, ಕಾಲುಸಂಕ, ದಾರಿದೀಪ, ಸ್ಮಶಾನದ ಕಂಪೌಂಡು, ಎಲ್ಲವೂ ಆ ನಲುವತ್ತರಲ್ಲೇ ಪಾಲು ಕೇಳುತ್ತಿದ್ದವು. ನಮ್ಮ ಓಣಿಗೆ ಜಲ್ಲಿ ಬೀಳದಿರುವುದಕ್ಕೆ ಒಂದು ಕಾರಣ ಇಲ್ಲಿದೆ.

ನೀರಿಗೆ ಹಣ ಕಟ್ಟಿಟ್ಟದ್ದನ್ನು ನಾವು ತಪ್ಪೆನ್ನುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಕರಾವಳಿಯಲ್ಲಿ ಎಪ್ರಿಲ್-ಮೇ ತಿಂಗಳಲ್ಲಿ ಟ್ಯಾಂಕರಿಗೆ ಕಾದು ಕೂರುವ ಮನೆಗಳಿವೆ. ಮುರಕಲ್ಲಿನ ಗುಡ್ಡೆಗಳಲ್ಲಿ ನೀರು ನಿಲ್ಲುವುದಿಲ್ಲ. ನದಿಗಳು ಬತ್ತುತ್ತಿದ್ದಂತೆ ಅಳಿವೆಯಿಂದ ಉಪ್ಪುನೀರು ಮೇಲೇರಿ ಹೊಳೆಬದಿಯ ಬಾವಿಗಳನ್ನು ಕೆಡಿಸುತ್ತದೆ. ಇಲ್ಲಿಗೆ ಬೇಕಾದದ್ದು ಬಾವಿಗಳಿಗೆ ಮಳೆನೀರು ಇಂಗಿಸುವುದು, ಕಿಂಡಿ ಅಣೆಕಟ್ಟಿಗೆ ಸಕಾಲದಲ್ಲಿ ಹಲಗೆ ಹಾಕುವುದು, ಮುಚ್ಚಿಹೋದ ಮದಗಗಳ ಹೂಳು ತೆಗೆಯುವುದು. ಮಳೆಕೊಯ್ಲಿಗೆ ನಿರ್ಬಂಧಿತ ಅನುದಾನದಲ್ಲಿಯೇ ಅವಕಾಶವಿದೆ. ಆ ಮೂವತ್ತು ರೂಪಾಯಿ ಪ್ರತಿ ವರ್ಷವೂ ಪೈಪು ಮತ್ತು ಪಂಪು ದುರಸ್ತಿಯಲ್ಲೇ ಕರಗಿಹೋದರೆ ಅದು ದೆಹಲಿಯ ತಪ್ಪಲ್ಲ, ಕ್ರಿಯಾಯೋಜನೆ ತಯಾರಿಸುವಾಗ ಬಾಯಿ ತೆರೆಯದ ನಮ್ಮೆಲ್ಲರ ಪಾಲೂ ಅದರಲ್ಲಿದೆ.

ಕಸದ ವಿಷಯ ಇನ್ನೊಂದು ತರಹ. ತೆಂಕ ಎಡಪದವು, ನಿಟ್ಟೆಗಳಂಥ ಕಡೆಗಳಲ್ಲಿ ಹಲವಾರು ಪಂಚಾಯತಿಗಳ ಒಣಕಸವನ್ನು ಒಂದೆಡೆ ವಿಂಗಡಿಸುವ ಘಟಕಗಳು ಬಂದಿವೆ. ಕಸದ ವಾಹನಗಳನ್ನು ಸ್ವಸಹಾಯ ಸಂಘಗಳ ಮಹಿಳೆಯರು ಓಡಿಸುವುದನ್ನು ನಾವು ನೋಡುತ್ತಿದ್ದೇವೆ. ಸಂತೋಷದ ಸಂಗತಿ. ಆದರೆ ಅನುದಾನದಿಂದ ಶೆಡ್ಡು ಕಟ್ಟುವಷ್ಟು ಸಲೀಸಾಗಿ ಅದನ್ನು ನಡೆಸುವವರ ತಿಂಗಳ ಕೂಲಿ ಹುಟ್ಟುವುದಿಲ್ಲ. ಅದಕ್ಕೆ ಮನೆಮನೆಯಿಂದ ಶುಲ್ಕ ಸಂಗ್ರಹವಾಗಬೇಕು. ಶುಲ್ಕ ಕೊಡಲು ಗೊಣಗುವವರೇ ಮರುದಿನ ತೋಡಿಗೆ ಪ್ಲಾಸ್ಟಿಕ್ ಚೀಲ ಎಸೆದು ಪಂಚಾಯತನ್ನು ಬೈಯುವುದೂ ಉಂಟು.

ಎರಡನೆಯ ಬೀಗದ ಕೈ ಬೆಂಗಳೂರಿನಲ್ಲಿದೆ, ಅದರ ಬಗ್ಗೆ ಚರ್ಚೆ ಕಡಿಮೆ. ಚುನಾಯಿತ ಸದಸ್ಯರಿಲ್ಲದ ಸಂಸ್ಥೆಗೆ ಈ ಅನುದಾನ ಇಲ್ಲ. ಲೆಕ್ಕಪತ್ರವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಇಡದ ಸಂಸ್ಥೆಗೂ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ ಮುಗಿದದ್ದು 2021ರಲ್ಲಿ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆದರೆ ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತುಕೊಂಡ 2021ರ ಕಾನೂನು ತಿದ್ದುಪಡಿ, ಅದರ ನಂತರದ ನ್ಯಾಯಾಲಯದ ವ್ಯಾಜ್ಯ, ಮತ್ತೆ ಮತ್ತೆ ಕೇಳಿದ ಕಾಲಾವಕಾಶ ಇವುಗಳಲ್ಲಿ ವರ್ಷಗಳು ಉರುಳಿದವು. 2021ರಲ್ಲಿ ಒಂದು ಪಕ್ಷದ ಸರಕಾರವಿತ್ತು, 2023ರಲ್ಲಿ ಇನ್ನೊಂದು ಬಂತು. 2025ರ ಕೊನೆಯವರೆಗೂ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸಿದರು.

15ನೇ ಆಯೋಗ ಈ ಎರಡು ಹಂತಗಳಿಗೂ ಪಾಲು ಕೊಟ್ಟದ್ದು ಸರಿಯಾಗಿ ಇದೇ ಅವಧಿಗೆ. ಗ್ರಾಮ ಪಂಚಾಯತಿಯ ಪಾಲು ಬರುತ್ತಲೇ ಇದ್ದಾಗ ಮೇಲಿನ ಎರಡು ಹಂತಗಳ ಪಾಲು ಬಾಗಿಲಲ್ಲೇ ನಿಂತಿತು. ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು 4.71 ಶೇಕಡದಿಂದ 3.65 ಶೇಕಡಕ್ಕೆ ಇಳಿದ ಬಗ್ಗೆ ನಮ್ಮ ನಾಯಕರು ಗಟ್ಟಿಯಾಗಿ ಮಾತನಾಡುತ್ತಾರೆ, ಆ ದೂರಿನಲ್ಲಿ ನ್ಯಾಯವೂ ಇದೆ. ಆದರೆ ಒಂದು ಚುನಾವಣೆ ನಡೆಸಿದ್ದರೆ ತಾನಾಗಿ ಬರುತ್ತಿದ್ದ ಹಣದ ಬಗ್ಗೆ ಅವರ ದನಿ ತಗ್ಗುತ್ತದೆ. ಶಾಸಕರಿಗೆ ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಚುನಾಯಿತ ಪ್ರತಿನಿಧಿ ಬೇಡವಾಗಿದೆಯೋ ಎಂಬ ಸಂಶಯ ನಮಗೆ ಬಂದರೆ ಆಶ್ಚರ್ಯವೇನು?

ಗ್ರಾಮ ಪಂಚಾಯತಿಗಳಿಗೂ ಇದೇ ನಿಯಮ ಅನ್ವಯ. 2020ರ ಡಿಸೆಂಬರಿನಲ್ಲಿ ಚುನಾಯಿತರಾದ ಸದಸ್ಯರ ಐದು ವರ್ಷ 2026ರ ಆರಂಭದ ತಿಂಗಳುಗಳಿಗೆ ಮುಗಿಯುವಂಥದ್ದು. ಅರವಿಂದ ಪಾನಗಾರಿಯಾ ಅವರ ಅಧ್ಯಕ್ಷತೆಯ 16ನೇ ಆಯೋಗದ ಐದು ವರ್ಷ ಶುರುವಾಗುವುದೂ ಅದೇ 2026ರ ಎಪ್ರಿಲಿನಿಂದ. ತಾಲೂಕು ಪಂಚಾಯತಿಯ ಬಾಗಿಲು ಮುಚ್ಚಿದ್ದು ನಮ್ಮಲ್ಲಿ ಹಲವರಿಗೆ ಗೊತ್ತೇ ಆಗಲಿಲ್ಲ, ಏಕೆಂದರೆ ನಲ್ಲಿಯಲ್ಲಿ ನೀರು ಬರುತ್ತಿತ್ತು. ಗ್ರಾಮ ಪಂಚಾಯತಿಯ ಚುನಾವಣೆಯೂ ಹಾಗೆಯೇ ಎಳೆದುಕೊಂಡು ಹೋದರೆ ಪೆಟ್ಟು ಬೀಳುವುದು ಆ ನಲ್ಲಿಗೆ, ಕಸದ ವಾಹನಕ್ಕೆ.

ನಮ್ಮ ಪಾಲನಾ ಪರಿಷತ್ತುಗಳು, ಗುರಿಕಾರರು ಮತ್ತು ಸಂಘಗಳ ಪದಾಧಿಕಾರಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಇ-ಗ್ರಾಮ್ ಸ್ವರಾಜ್ ಜಾಲತಾಣದಲ್ಲಿ ಪ್ರತಿ ಪಂಚಾಯತಿನ ಕ್ರಿಯಾಯೋಜನೆಯೂ ಖರ್ಚಿನ ವಿವರವೂ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಅದರ ಪ್ರತಿ ತೆಗೆದು ವಾರ್ಡು ಸಭೆಯಲ್ಲಿ ಓದಿ ಹೇಳಿದರೆ ಅರ್ಧ ಗಂಟೆ ಸಾಕು. ಮುಂದಿನ ವರ್ಷದ ಯೋಜನೆಗಾಗಿ ಗ್ರಾಮಸಭೆಗಳ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ರಿಂದ ಶುರುವಾಗುತ್ತದೆ. ಬಾವಿಗೆ ಮಳೆನೀರು ಇಂಗಿಸುವ ಬೇಡಿಕೆಯನ್ನು ಮಾರ್ಚಿನಲ್ಲಿ ಟ್ಯಾಂಕರಿಗೆ ಕಾಯುವಾಗ ಅಲ್ಲ, ಆ ಸಭೆಯಲ್ಲಿ ಲಿಖಿತವಾಗಿ ಕೊಟ್ಟು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಮತ ಕೇಳಲು ಮನೆಬಾಗಿಲಿಗೆ ಬರುವವರೊಡನೆ ತಾಲೂಕು, ಜಿಲ್ಲಾ ಪಂಚಾಯತಿಯ ಚುನಾವಣೆ ಇಷ್ಟು ವರ್ಷ ಯಾಕೆ ನಿಂತಿತು, ಅಷ್ಟೂ ವರ್ಷಗಳ ಅನುದಾನ ಎಷ್ಟು ಹೋಯಿತು ಎಂದು ಕೇಳುವುದಕ್ಕೂ ಖರ್ಚಿಲ್ಲ.