ಪುಕ್ಕಟೆ ನಾಣ್ಯಕ್ಕೆ ಹೆಸರಿನ ಒತ್ತೆ

2021ರ ಡಿಸೆಂಬರ್ 12ರಂದು, ಮಧ್ಯರಾತ್ರಿ ಕಳೆದ ಮೇಲೆ, ಪ್ರಧಾನಮಂತ್ರಿ ನರೇಂದ್ರ ಮೋದಿಯವರ ಟ್ವಿಟರ್ ಖಾತೆಯಲ್ಲಿ ಒಂದು ವಿಚಿತ್ರ ಪ್ರಕಟಣೆ ಕಾಣಿಸಿಕೊಂಡಿತು. ಭಾರತವು ಬಿಟ್‌ಕಾಯಿನ್ ಅನ್ನು ಅಧಿಕೃತ ನಾಣ್ಯವಾಗಿ ಅಂಗೀಕರಿಸಿದೆ, ಸರ್ಕಾರವು 500 ಬಿಟ್‌ಕಾಯಿನ್‌ಗಳನ್ನು ಕೊಂಡು ದೇಶದ ನಿವಾಸಿಗಳೆಲ್ಲರಿಗೂ ಹಂಚುತ್ತಿದೆ ಎಂಬುದು ಅದರ ಸಾರ. ಅದು ಖಾತೆಗೆ ಕನ್ನ ಹಾಕಿದವರ ಕೃತ್ಯವೆಂಬುದು ಬೇಗನೆ ಸ್ಪಷ್ಟವಾಯಿತು. 2024ರ ಸೆಪ್ಟೆಂಬರ್ 20ರಂದು ಸುಪ್ರೀಂ ಕೋರ್ಟಿನ ಯೂಟ್ಯೂಬ್ ವಾಹಿನಿಗೂ ಇದೇ ಗತಿಯಾಗಿ, ನ್ಯಾಯಾಲಯದ ಕಲಾಪ ಇರಬೇಕಾದೆಡೆ ಒಂದು ಕ್ರಿಪ್ಟೋ ನಾಣ್ಯದ ಪ್ರಚಾರ ಬಿತ್ತರವಾಯಿತು. ದೇಶದ ಅತ್ಯುನ್ನತ ಪೀಠಗಳ ಹೆಸರನ್ನೇ ಕದಿಯಬಲ್ಲವರಿಗೆ ಒಬ್ಬ ಸಾಮಾನ್ಯ ಪ್ರಜೆಯ ಹೆಸರು ಯಾವ ಲೆಕ್ಕ ಎಂಬ ಪ್ರಶ್ನೆ ಸಹಜ. ಆದರೆ ಆ ಸಾಮಾನ್ಯನ ಹೆಸರೇ ಅವರಿಗೆ ಹೆಚ್ಚು ಬೇಕಾಗಿದೆ ಎಂಬುದು ಇಂದಿನ ಸತ್ಯ.

ಇಂಥ ‘ಕೊಡುಗೆ’ಗಳು ತುಂಗಭದ್ರೆಯ ದಡದ ಐರಣಿಯನ್ನೂ, ರಾಣೆಬೆನ್ನೂರು, ಬ್ಯಾಡಗಿಗಳ ಪೇಟೆಗಳನ್ನೂ ವಾಟ್ಸ್‌ಆ್ಯಪ್, ಟೆಲಿಗ್ರಾಂಗಳ ಮೂಲಕ ಕ್ಷಣಾರ್ಧದಲ್ಲಿ ತಲುಪಬಲ್ಲವು. ಹೆಸರು ನೋಂದಾಯಿಸಿದರೆ ಇಷ್ಟು ನಾಣ್ಯಗಳು ಉಚಿತ ಎಂಬುದು ಅವುಗಳ ಮೊದಲ ಮಾತು. ಹಣವನ್ನು ಆರಂಭದಲ್ಲಿ ಕೇಳುವುದಿಲ್ಲ. ಕೇಳುವುದು ಆಧಾರ್ ಕಾರ್ಡಿನ ಎರಡೂ ಮಗ್ಗುಲಿನ ಚಿತ್ರ, ಪ್ಯಾನ್ ಕಾರ್ಡು, ಅದನ್ನು ಕೈಯಲ್ಲಿ ಹಿಡಿದು ತೆಗೆಸಿಕೊಂಡ ಭಾವಚಿತ್ರ, ಕೊನೆಗೆ ಫೋನಿಗೆ ಬಂದ ಒ.ಟಿ.ಪಿ. ‘ಒಂದು ರೂಪಾಯಿಯನ್ನೂ ಕೊಟ್ಟಿಲ್ಲವಲ್ಲ, ಕಳೆದುಕೊಳ್ಳುವುದೇನಿದೆ?’ ಎಂಬ ಸಮಾಧಾನ ನಮ್ಮ ಯುವಜನರದು. ಈ ಸಮಾಧಾನ ಎಷ್ಟು ಸರಿ ಎಂಬುದನ್ನು ನಾವು ಇಲ್ಲಿ ವಿಚಾರಿಸಬೇಕಾಗಿದೆ.

ಇದನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಕುಸಿದು, ರೈತರ ಆಕ್ರೋಶ ಭುಗಿಲೆದ್ದು, ವಾಹನಗಳು ಬೆಂಕಿಗೆ ಆಹುತಿಯಾದುದನ್ನು ಜಿಲ್ಲೆಯ ಜನ ಮರೆತಿಲ್ಲ. ವರ್ಷದ ದುಡಿಮೆಯ ಬೆಲೆ ಒಂದೇ ದಿನದಲ್ಲಿ ಕರಗಿದುದನ್ನು ಕಂಡ ಮನೆಯವರಿಗೆ, ಕಾಣದ ನಾಣ್ಯವೊಂದರ ಬೆಲೆ ಒಂದೇ ರಾತ್ರಿಯಲ್ಲಿ ನೂರ್ಮಡಿಯಾಗುವುದೂ ಅಸಂಭವವೆಂದು ತೋರುವುದಿಲ್ಲ. ವಂಚಕರು ಬಿತ್ತುವುದು ಇಂಥ ಹದವಾದ ನೆಲದಲ್ಲಿಯೇ.

ಗುರುತಿನ ಚೀಟಿಗೆ ಬೆಲೆ ಬಂದದ್ದು ಹೇಗೆಂಬುದನ್ನು ತಿಳಿಯಲು ಕಾನೂನಿನ ಹಿನ್ನೆಲೆ ಅಗತ್ಯ. ಕೇಂದ್ರ ಸರ್ಕಾರವು 2023ರ ಮಾರ್ಚ್ 7ರ ಅಧಿಸೂಚನೆಯಿಂದ ಕ್ರಿಪ್ಟೋ ವ್ಯವಹಾರದ ಸಂಸ್ಥೆಗಳನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿತು. ಗ್ರಾಹಕರ ಗುರುತನ್ನು ಪರಿಶೀಲಿಸದೆ ಖಾತೆ ತೆರೆಯುವಂತಿಲ್ಲ ಎಂಬುದು ಅದರ ಫಲ. ಕ್ರಮ ಸರಿಯಾದುದೇ. ಆದರೆ ಬಾಗಿಲಿಗೆ ಬೀಗ ಬಿದ್ದಾಗ ಕಳ್ಳನು ಬೀಗದ ಕೈಯನ್ನು ಹುಡುಕುತ್ತಾನೆ. ತನ್ನ ಹೆಸರಿನಲ್ಲಿ ಖಾತೆ ತೆರೆಯಲಾಗದವನಿಗೆ ಪರರ ಹೆಸರು ಬೇಕಾಯಿತು. ಇದಲ್ಲದೆ ಗುರುತಿನ ಪರಿಶೀಲನೆಯೆಂಬುದು ಕಾನೂನಿನ ಮಾತೇ ಆದ್ದರಿಂದ, ವಂಚಕನು ಆಧಾರ್ ಕೇಳಿದಾಗಲೂ ಅದು ಕ್ರಮಬದ್ಧವೆಂದೇ ಜನರಿಗೆ ತೋರುತ್ತದೆ.

ಹೀಗೆ ಸಂಗ್ರಹವಾದ ದಾಖಲೆಗಳಿಂದ ಸಿಮ್ ಕಾರ್ಡು ಪಡೆಯಬಹುದು, ಸಾಲ ಎತ್ತಬಹುದು. ಅನ್ಯರ ಪ್ಯಾನ್ ಸಂಖ್ಯೆಯಲ್ಲಿ ಆ್ಯಪ್‌ಗಳ ಮೂಲಕ ಸಾಲ ಪಡೆದ ದೂರುಗಳು 2022ರ ಫೆಬ್ರವರಿಯಲ್ಲಿ ದೇಶದ ಹಲವೆಡೆಗಳಿಂದ ಕೇಳಿಬಂದವು. ಇದಕ್ಕಿಂತ ಭಯಾನಕವಾದುದು ‘ಮ್ಯೂಲ್ ಖಾತೆ’, ಅಂದರೆ ಹೇಸರಗತ್ತೆಯಂತೆ ಪರರ ಹೊರೆಯನ್ನು ಹೊರುವ ಖಾತೆ. ಎಲ್ಲಿಯೋ ಒಬ್ಬ ವೃದ್ಧರನ್ನು ಹೆದರಿಸಿ ದೋಚಿದ ಹಣ ಆ ಖಾತೆಗೆ ಬಂದು, ಅಲ್ಲಿಂದ ಕ್ರಿಪ್ಟೋ ರೂಪ ತಾಳಿ ದೇಶದ ಗಡಿ ದಾಟುತ್ತದೆ. ಪೊಲೀಸರಿಗೆ ಕಾಣುವ ಮೊದಲ ಹೆಸರು ಖಾತೆದಾರನದು. ಹಣದ ಕಳ್ಳತನದಲ್ಲಿ ಕಳೆದುಕೊಂಡವನು ಫಿರ್ಯಾದಿಯಾಗುತ್ತಾನೆ. ಹೆಸರಿನ ಕಳ್ಳತನದಲ್ಲಿ ಕಳೆದುಕೊಂಡವನೇ ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ತನಿಖೆ ಮುಗಿಯುವವರೆಗೆ ಅವನ ನಿಜವಾದ ಖಾತೆಯೂ ಸ್ಥಗಿತಗೊಂಡರೆ, ಮಕ್ಕಳ ವಿದ್ಯಾರ್ಥಿವೇತನ, ಬೆಳೆವಿಮೆ, ಕೂಲಿಯ ಹಣ ಎಲ್ಲವೂ ಅಲ್ಲಿಯೇ ನಿಲ್ಲುತ್ತವೆ. ಶ್ರೀಮಂತನಿಗೆ ವಕೀಲರುಂಟು. ಬಡವನಿಗೆ ಒಳ್ಳೆಯ ಹೆಸರೇ ಬಂಡವಾಳ.

ವಂಚಕರ ಕೈಗೆ ಕೊಟ್ಟರೆ ಮಾತ್ರ ಅಪಾಯವೆಂದು ತಿಳಿಯಬೇಕಾಗಿಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಬ್ಯಾಂಕ್ ಖಾತೆಗಳಿಂದ ಒ.ಟಿ.ಪಿ. ಕೂಡ ಇಲ್ಲದೆ ಹಣ ಮಾಯವಾಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ವಿವರಗಳ ದುರ್ಬಳಕೆಯತ್ತ ತನಿಖೆ ಬೆರಳು ಮಾಡಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ದೊಡ್ಡ ಕ್ರಿಪ್ಟೋ ಸಂಸ್ಥೆ ಕಾಯಿನ್‌ಬೇಸ್, ತನ್ನ ಹೊರಗುತ್ತಿಗೆಯ ಸಿಬ್ಬಂದಿಗೆ ಲಂಚ ನೀಡಿ ಗ್ರಾಹಕರ ವಿವರಗಳನ್ನು ಕದಿಯಲಾಗಿದೆಯೆಂದು ಒಪ್ಪಿಕೊಂಡಿತು. ಸುಮಾರು 69 ಸಾವಿರ ಗ್ರಾಹಕರು ಇದಕ್ಕೆ ಸಿಲುಕಿದರು. ಸೋರಿಹೋದುದರಲ್ಲಿ ಗುರುತಿನ ಚೀಟಿಗಳ ಚಿತ್ರಗಳೂ ಇದ್ದವು. ಕಾನೂನಿಗೆ ಒಳಪಟ್ಟ ಸಂಸ್ಥೆಗಳ ಸ್ಥಿತಿಯೇ ಹೀಗಿರುವಾಗ ವಿಳಾಸವೇ ಇಲ್ಲದವರ ಮಾತೇನು?

ದಾಖಲೆಯಿಂದ ದೇಹಕ್ಕೂ ಈ ವ್ಯಾಪಾರ ಹಬ್ಬಿದೆ. ಓಪನ್ ಎಐ ಸಂಸ್ಥೆಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಸಹಸ್ಥಾಪಕರಾಗಿರುವ ವರ್ಲ್ಡ್‌ಕಾಯಿನ್ ಯೋಜನೆ 2023ರ ಜುಲೈಯಲ್ಲಿ ಜಾಗತಿಕವಾಗಿ ಆರಂಭವಾಯಿತು. ಲೋಹದ ಗೋಳವೊಂದರ ಮುಂದೆ ನಿಂತು ಕಣ್ಣಿನ ಪಾಪೆಯನ್ನು ಅಳೆಯಿಸಿಕೊಂಡವರಿಗೆ ಹಲವು ದೇಶಗಳಲ್ಲಿ ಕ್ರಿಪ್ಟೋ ನಾಣ್ಯಗಳ ಕೊಡುಗೆ ಇತ್ತು. ಬೆಂಗಳೂರಿನಲ್ಲಿಯೂ ಈ ಗೋಳಗಳು ಬಂದಿದ್ದವು. ಅದೇ ವರ್ಷದ ಕೊನೆಗೆ ಭಾರತದಲ್ಲಿ ಅವುಗಳ ಬಳಕೆಯನ್ನು ನಿಲ್ಲಿಸಲಾಯಿತು. ಆಫ್ರಿಕಾದ ಕೀನ್ಯಾದಲ್ಲಿ ಜನ ಸಾಲುಗಟ್ಟಿ ನಿಂತುದನ್ನು ಕಂಡ ಸರ್ಕಾರ 2023ರ ಆಗಸ್ಟ್ 2ರಂದು ಯೋಜನೆಯನ್ನು ತಡೆಹಿಡಿಯಿತು. ಸಂಗ್ರಹಿಸಿದ ವಿವರಗಳನ್ನು ಅಳಿಸಿಹಾಕಬೇಕೆಂದು ಅಲ್ಲಿನ ಹೈಕೋರ್ಟು 2025ರ ಮೇ ತಿಂಗಳಲ್ಲಿ ಆದೇಶಿಸಿತು. ಹಣದ ಆಮಿಷದಿಂದ ಪಡೆದ ಒಪ್ಪಿಗೆ ನಿಜವಾದ ಒಪ್ಪಿಗೆಯೇ ಎಂಬುದು ಆ ವಿವಾದದ ಕೇಂದ್ರದಲ್ಲಿದ್ದ ಪ್ರಶ್ನೆ.

ತತ್ತ್ವಶಾಸ್ತ್ರದಲ್ಲಿ ಇದು ಹೊಸ ಪ್ರಶ್ನೆಯಲ್ಲ. ಯಾವ ಕ್ರಿಯೆಯ ಉದ್ದೇಶವನ್ನು ಮಾನವನು ಅರಿತಿರುತ್ತಾನೋ ಅದೇ ಸ್ವ-ಇಚ್ಛೆಯ ಕ್ರಿಯೆ, ಅಜ್ಞಾನವು ಇಚ್ಛೆಯನ್ನೇ ಕುಂದಿಸುತ್ತದೆ ಎಂಬುದು ಸಂತ ಥಾಮಸ್ ಅಕ್ವಿನಾಸರ ವಿವೇಚನೆ. ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಕೊಟ್ಟ ದಾಖಲೆಯ ಹಿಂದೆ ಪೂರ್ಣ ಒಪ್ಪಿಗೆ ಇರಲಾರದು. ಮೋಸ ಮಾಡಿದವನೇ ಮುಖ್ಯ ಅಪರಾಧಿ. ಆದರೆ ತಿಳಿಯಬಹುದಾದುದನ್ನು ತಿಳಿಯಲು ಅಲಕ್ಷಿಸುವ ಅಜ್ಞಾನಕ್ಕೆ ಅದೇ ಸಂತರು ಪೂರ್ಣ ಕ್ಷಮೆ ನೀಡುವುದಿಲ್ಲ. ನಮ್ಮ ಹೆಸರಿನ ಖಾತೆಯ ಮೂಲಕ ಇನ್ನೊಬ್ಬ ಬಡವನ ಹಣ ಹರಿದುಹೋಗುವ ಸಾಧ್ಯತೆ ಇರುವಾಗ, ಎಚ್ಚರವು ಸ್ವಂತ ಹಿತದ ವಿಷಯ ಮಾತ್ರವಲ್ಲ, ನೆರೆಯವನ ಮೇಲಿನ ಪ್ರೀತಿಯ ಕರ್ತವ್ಯವೂ ಹೌದು.

ಪವಿತ್ರ ಗ್ರಂಥದ ಆದಿಕಾಂಡ ಇದನ್ನು ಒಂದು ಕುಟುಂಬದ ಕಥೆಯಾಗಿ ನಮ್ಮ ಮುಂದಿಡುತ್ತದೆ. ಹೊಲದಿಂದ ಬಳಲಿ ಬಂದ ಏಸಾವನು ಒಂದು ಬಟ್ಟಲು ಬೇಳೆಯ ಗಂಜಿಗೆ ತನ್ನ ಜ್ಯೇಷ್ಠತನದ ಹಕ್ಕನ್ನು ಮಾರಿದನು. ಅವನನ್ನು ಮಾರಿಸಿದ್ದು ಹಸಿವು. ಮುಂದೆ ಯಕೋಬನು ಅಣ್ಣನ ಉಡುಪು ಧರಿಸಿ, ಕೈಗಳಿಗೆ ಆಡಿನ ತೊಗಲು ಸುತ್ತಿಕೊಂಡು, ಕಣ್ಣು ಮಂಜಾದ ತಂದೆಯ ಮುಂದೆ ನಿಂತನು. ದನಿಯ ಬಗ್ಗೆ ಶಂಕೆ ಬಂದರೂ ಇಸಾಕನು ಕೈಯ ಸ್ಪರ್ಶವನ್ನೇ ನಂಬಿದನು. ಬೆರಳಚ್ಚನ್ನು ನಂಬುವ ಇಂದಿನ ಯಂತ್ರದ ಕುರುಡೂ ಅಂಥದೇ. ಸತ್ಯ ಹೊರಬಿದ್ದ ಮೇಲೆ ಏಸಾವನು ಗೋಳಾಡಿ ಅತ್ತರೂ ಕೊಟ್ಟ ಆಶೀರ್ವಾದವನ್ನು ಹಿಂಪಡೆಯಲಾಗಲಿಲ್ಲ. ಕಳೆದ ಹಣವನ್ನು ಮತ್ತೆ ಗಳಿಸಬಹುದು. ಬೆರಳನ್ನೂ ಕಣ್ಣಿನ ಪಾಪೆಯನ್ನೂ ಬದಲಿಸಿಕೊಳ್ಳಲಾಗದು.

ಕಾನೂನು ನಮ್ಮ ಕೈಬಿಟ್ಟಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೂ ಬಂದಿತು. ಮಾಹಿತಿಯನ್ನು ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಆದರೆ ಆಡಳಿತದ ಮಾತಿನಲ್ಲಿ ದೃಢತೆ ಸಾಲದು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು, ಆಧಾರ್‌ನ ಝೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಸೂಚಿಸಿತು. ಎರಡೇ ದಿನಗಳಲ್ಲಿ, ಅದನ್ನು ತಪ್ಪಾಗಿ ಅರ್ಥೈಸುವ ಸಂಭವವಿದೆಯೆಂಬ ಕಾರಣದಿಂದ, ಕೇಂದ್ರ ಸರ್ಕಾರ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ವಸತಿಗೃಹದಿಂದ ಸಹಕಾರ ಸಂಘದವರೆಗೆ ಎಲ್ಲೆಡೆ ಪ್ರತಿ ಒಪ್ಪಿಸುವ ರೂಢಿಯನ್ನು ಬೆಳೆಸಿದ ಸಮಾಜ, ವಂಚಕನಿಗೂ ಒಪ್ಪಿಸಿದ ಯುವಕನನ್ನು ಮಾತ್ರ ಮೂರ್ಖನೆನ್ನುವುದು ಸಲ್ಲದು.

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟು. ಉಚಿತ ನಾಣ್ಯದ ಹೆಸರಿನಲ್ಲಿ ಯಾರೇ ಕೇಳಲಿ, ಆಧಾರ್, ಪ್ಯಾನ್, ಒ.ಟಿ.ಪಿ. ಕೊಡಬೇಡಿ. ಅನಿವಾರ್ಯವಾದ ಕಡೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಆಧಾರ್ ಪ್ರತಿಯನ್ನು ಕೊಟ್ಟು, ಉದ್ದೇಶ ಮತ್ತು ದಿನಾಂಕವನ್ನು ಅದರ ಮೇಲೆ ಬರೆಯಿರಿ. ಆಧಾರ್‌ನ ಬೆರಳಚ್ಚು ಸೌಲಭ್ಯಕ್ಕೆ ಬೀಗ ಹಾಕಿಕೊಳ್ಳುವ ವ್ಯವಸ್ಥೆ ಇದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆಯೆಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿಯಲ್ಲಿ ನೋಡಬಹುದು; ಎಷ್ಟು ಸಾಲಗಳಿವೆಯೆಂಬ ವರದಿಯನ್ನು ಸಾಲಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಈಗಾಗಲೇ ಕೊಟ್ಟಿದ್ದರೆ ನಾಚಿಕೆಯಿಂದ ಮುಚ್ಚಿಡದೆ ಬ್ಯಾಂಕಿಗೆ ತಿಳಿಸಿರಿ. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿರಿ.

ಧರ್ಮಕೇಂದ್ರಗಳಿಗೂ ಇದರಲ್ಲಿ ಪಾಲಿದೆ. ಶಾಲಾ ಪ್ರವೇಶ, ವಿದ್ಯಾರ್ಥಿವೇತನ, ವಿವಾಹ ಮೊದಲಾದವುಗಳಿಗೆ ವಿಶ್ವಾಸಿಗಳು ನಂಬಿ ಕೊಡುವ ಪ್ರತಿಗಳನ್ನು ದೀಕ್ಷಾಸ್ನಾನದ ದಾಖಲೆ ಪುಸ್ತಕದಷ್ಟೇ ಜೋಪಾನವಾಗಿ ಇರಿಸಬೇಕು. ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು ಇಲ್ಲವೆ ನಾಶಪಡಿಸಬೇಕು. ಬರುವ ಭಾನುವಾರ ಬಲಿಪೂಜೆಯ ತರುವಾಯ ಪ್ರತಿ ಮನೆಯಲ್ಲಿಯೂ ಹಿರಿಯರು ಮಕ್ಕಳೊಡನೆ ಹತ್ತು ನಿಮಿಷ ಕುಳಿತು, ಫೋನಿಗೆ ಬಂದಿರುವ ಇಂಥ ಸಂದೇಶಗಳನ್ನು ಒಟ್ಟಿಗೆ ಓದಲಿ. ಯಾರಾದರೂ ದಾಖಲೆ ಕಳುಹಿಸಿಬಿಟ್ಟಿದ್ದರೆ ಅವರನ್ನು ಬೈಯುವುದು ಬೇಡ. ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಅವರ ಜೊತೆಗೆ ಹೋಗಿ ನಿಲ್ಲೋಣ.